ಕೂಗುಗಂಬದ ಗೌರವ್ವ

ಸೈರನ್ ಊದಿದರೆ ಹೊಳೆದಂಡೆಯ ಜನ ಏಳುತ್ತಿರಲಿಲ್ಲ. ಮಳೆಗಾಲದ ರೀತಿಯೇ ಬದಲಾಗಿ ವರ್ಷಕ್ಕೆರಡು ಸಲ ನೆರೆ ಬರತೊಡಗಿದ ಮೇಲೆ, ಸೈರನ್ ಅವರಿಗೆ ಗಿರಣಿಯಲ್ಲಿ ದಿನಾ ಊದುವ ಭೋಂಗಾದಷ್ಟೇ ಮಾಮೂಲಾಗಿತ್ತು. ಜೀಪಿನಲ್ಲಿ ಬಂದು ಮೈಕು ಹಿಡಿದು ಕೂಗಿದರೆ, "ಹೋದ ಸಲಾನೂ ಹಿಂಗ ಅಂದಿದ್ರಿ, ನೀರು ಊರ ಅಗಸಿ ಬಾಗಲಾ ಸೈತ ಮುಟ್ಟಲಿಲ್ಲ" ಎಂದು ಮುಸುಕೆಳೆದುಕೊಳ್ಳುತ್ತಿದ್ದರು. ಹೀಗೆ ಮುಸುಕೆಳೆದುಕೊಂಡವರಲ್ಲಿ ಎಷ್ಟೋ ಮಂದಿ ಮತ್ತೆ ಏಳಲೇ ಇಲ್ಲ.

ಜಿಲ್ಲೆಯ ನೆರೆ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಸಮೀನಾ ನದಾಫ್ ಇದನ್ನೇ ತಲೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಜನ ಸದ್ದಿಗೆ ಏಳುವುದಿಲ್ಲ, ದನಿಗೆ ಏಳುತ್ತಾರೆ. ಆದರೆ ಯಾರ ದನಿಗೆ? ಮಂತ್ರಿಗಳದ್ದಲ್ಲ, ಸಾಹೇಬರದ್ದಲ್ಲ. ಸಣ್ಣವಳಿದ್ದಾಗ ತಗಡಿನ ಥಿಯೇಟರಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತು ನೋಡಿದ ಒಂದು ನಾಟಕ ಅವಳಿಗೆ ನೆನಪಾಯಿತು. 'ಗೌರವ್ವನ ಮಕ್ಕಳು'. ಮೂರು ಗಂಡುಮಕ್ಕಳನ್ನು ಸಾಕುವ ವಿಧವೆ ಗೌರವ್ವನ ಪಾತ್ರ ಮಾಡುತ್ತಿದ್ದವಳು ಇಂದ್ರಾಬಾಯಿ ಕಮತಗಿ. ಆ ನಾಟಕದ ಮಾತುಗಳು ಟೇಪು, ರೇಡಿಯೊ, ಮೊಬೈಲು ಎಲ್ಲವನ್ನೂ ದಾಟಿ ಮನೆಮನೆ ಸೇರಿದ್ದವು. ಗೌರವ್ವ ಗದರಿದರೆ ಪ್ರೇಕ್ಷಕರು ಬೀಡಿ ಆರಿಸುತ್ತಿದ್ದರಂತೆ.

ಸಮೀನಾ ಹುಡುಕಿಕೊಂಡು ಹೋದಾಗ ಇಂದ್ರಾಬಾಯಿಗೆ ಐವತ್ತು ದಾಟಿತ್ತು. ಬಂಗಾರೇಶ್ವರ ನಾಟ್ಯ ಸಂಘವೆಂಬ ನಾಟಕ ಕಂಪನಿಯಲ್ಲಿ ಈಗ ಅವಳಿಗೆ ಸಣ್ಣಪುಟ್ಟ ಪಾತ್ರಗಳು. ಅರ್ಧ ಖಾಲಿ ಕುರ್ಚಿಗಳ ಮುಂದೆ ಅತ್ತೆಯಾಗಿ ಬಂದು ಎರಡು ಮಾತಾಡಿ ಹೋಗುವುದು.

"ಯಂತ್ರ ನಿಮ್ಮ ದನಿ ಕಲೀತದ ಬಾಯಾರ," ಸಮೀನಾ ವಿವರಿಸಿದಳು. "ಮಾತು ನಾವು ಕೊಡ್ತೀವಿ. ನೀವು ಎಂದೂ ಆಡದ ಮಾತನ್ನ ಅದು ನಿಮ್ಮ ಹಾಂಗನ ಆಡ್ತದ. ಹಳ್ಳಿಹಳ್ಳಿಗೂ ಒಂದೊಂದು ಕಂಬ. ನೀರು ಬರೂ ಮೊದಲ ನೀವು ಕರದ್ರ ಜನ ಎದ್ದ ಬರ್ತಾರ."

"ನನ್ನ ಕರಿಯಾಕ ಕಂಪನ್ಯಾಗ ಯಾರೂ ಉಳದಿಲ್ಲ. ನಾ ಕರದ್ರ ಬರ್ತಾರೇನು?" ಎಂದು ಇಂದ್ರಾಬಾಯಿ ನಕ್ಕಳು. ಆದರೆ ಆಸೆ ಆಗಲೇ ಹುಟ್ಟಿಬಿಟ್ಟಿತ್ತು.

ಗಾಜಿನ ಕೋಣೆಯಲ್ಲಿ ಕೂತು ಅವಳು ದಿನಗಟ್ಟಲೆ ಮಾತಾಡಿದಳು. ಬೈಯುವುದು, ಮುದ್ದು ಮಾಡುವುದು, ಎಬ್ಬಿಸುವುದು, ಅಳುವುದು. ಕೊನೆಗೆ ನಾಟಕದ ಮೂರನೇ ಅಂಕದ ಮಾತನ್ನೂ ಆಡಿದಳು. ಹಾವು ಕಚ್ಚಿದ ಹಿರಿಮಗನನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಾಳೆ. ವೈದ್ಯ ತಲೆಯಾಡಿಸಿ ಹೋಗಿದ್ದಾನೆ. ಮಗ ಬದುಕುವುದಿಲ್ಲವೆಂದು ಗೌರವ್ವನಿಗೆ ಗೊತ್ತು. ಆದರೂ ಹೇಳುತ್ತಾಳೆ: "ಏನೂ ಆಗೂದಿಲ್ಲ ನನ ಮಗನ. ಸುಮ್ನ ಮಲ್ಕೋ. ನಾ ಅದೀನಲ್ಲ." ಗಾಜಿನಾಚೆ ಸಮೀನಾ ಕಣ್ಣೊರೆಸಿಕೊಂಡಳು. ಯಂತ್ರ ಅದನ್ನೂ ಕಲಿಯಿತು.

ಕಂಬಗಳು ಎದ್ದವು. ಜನ ಅವಕ್ಕೆ ಕೂಗುಗಂಬ ಎಂದು ಹೆಸರಿಟ್ಟರು. ಕಂಬಕ್ಕೆ ಕಿವಿಯೂ ಇತ್ತು. ಊರಿನ ಗದ್ದಲ ಕೇಳಿಸಿಕೊಂಡು ಯಂತ್ರ ಯಾವ ದನಿ ಬೇಕೆಂದು ತಾನೇ ಆರಿಸಿಕೊಳ್ಳುತ್ತಿತ್ತು. ಜನ ಮೈಗಳ್ಳತನ ಮಾಡಿದರೆ ಗದರಿಕೆ, ಗಾಬರಿಯಾದರೆ ಸಮಾಧಾನ. ಮೊದಲ ನೆರೆಗೇ ಅದರ ಗುಣ ಕಾಣಿಸಿತು. "ಏಳ್ರಪಾ ಏಳ್ರಿ, ಹೊಳಿ ಬಾಗಲಕ ಬಂದೈತಿ!" ಎಂದು ಗೌರವ್ವ ಕೂಗಿದ ಊರುಗಳಲ್ಲಿ ಒಬ್ಬರೂ ಸಾಯಲಿಲ್ಲ. ಕಂಪನಿಗೆ ಮತ್ತೆ ಜನ ಬಂದರು. ಸಂತೆಯಲ್ಲಿ ಬದನೆಕಾಯಿ ಮಾರುವವಳು ಇಂದ್ರಾಬಾಯಿಯ ದನಿ ಕೇಳಿ, ಎದ್ದು ನಿಂತು ತಲೆಯ ಮೇಲೆ ಸೆರಗು ಹೊದ್ದಳು. ಇಂದ್ರಾಬಾಯಿ ಮನೆಗೆ ಬಂದು ಮಗಳು ಕಸ್ತೂರಿಗೆ ಅದನ್ನು ಹೇಳಿದಳು, ಉಂಡ ಮೇಲೆ ಇನ್ನೊಮ್ಮೆ ಹೇಳಿದಳು.

ಆ ವರ್ಷ ಕಂಪನಿ ಅರಳಿಕೊಪ್ಪದಲ್ಲಿ ಮೊಕ್ಕಾಂ ಹೂಡಿತ್ತು. ಪಕ್ಕದ ತೆಗ್ಗಿನಹಾಳದಲ್ಲಿ ತಾಯಿ ಮಗಳು ಎರಡು ಕೋಣೆ ಬಾಡಿಗೆ ಹಿಡಿದಿದ್ದರು. ಕಸ್ತೂರಿ ಕಂಪನಿಯಲ್ಲಿ ಪರದೆಯ ಮರೆಗೆ ನಿಂತು ನಟರಿಗೆ ಮಾತು ಎತ್ತಿಕೊಡುವವಳು. ಗೋಡೆಗೆ ಗೋಡೆ ಹತ್ತಿದ ಮನೆ ಲಗಮವ್ವನದು. ಬಿಸಿರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ತಂದುಕೊಡುವುದು, "ಗೌರವ್ವ ನಮ್ಮ ಮಗ್ಗಲ ಮನಿಯಾಕಿ" ಎಂದು ಊರ ತುಂಬ ಹೇಳಿಕೊಂಡು ತಿರುಗುವುದು ಅವಳ ರೂಢಿ. ಅವಳ ಮಗಳು ಮಾದೇವಿ ಹೆರಿಗೆಗೆಂದು ಬಂದವಳು ಹಸಿ ಬಾಣಂತಿಯಾಗಿ ಹೊರಸಿನ ಮೇಲಿದ್ದಳು. ಸಂಜೆ ಗೋಡೆಯಾಚೆಯಿಂದ, "ಬಾಯಾರ, ಒಂದ್ ಜೋಗುಳಾ ಹೇಳ್ರಿ, ಕೂಸು ಮಲಗವಲ್ದು" ಎಂದು ಮಾದೇವಿ ಕೂಗುತ್ತಿದ್ದಳು. ಇಂದ್ರಾಬಾಯಿ ಇಲ್ಲಿಂದಲೇ ಹಾಡುತ್ತಿದ್ದಳು.

ಮೇಲಿನ ಗುಡ್ಡಗಳಲ್ಲಿ ಎಡೆಬಿಡದೆ ಮಳೆ ಹೊಡೆದು, ಒಂದು ಮಧ್ಯಾಹ್ನ ಹೊಳೆ ಕೆಂಪಾಯಿತು. ಜನ ಓಣಿಗೆ ಬಂದು ಕಂಬದ ಕಡೆ ನೋಡುತ್ತ ನಿಂತರು. ಒಬ್ಬಿಬ್ಬರು ಆಗಲೇ ಎತ್ತಿನ ಹಗ್ಗ ಬಿಚ್ಚುತ್ತಿದ್ದರು. ಆಗ ಕಂಬ ಮಾತಾಡಿತು.

"ಗಾಬರಿ ಆಗಬ್ಯಾಡ್ರಿ ನನ ಮಕ್ಕಳ್ರ್ಯಾ. ನೀರು ನಿಮ್ಮ ತನಕ ಬರೂದಿಲ್ಲ. ಮನ್ಯಾಗ ಇರ್ರಿ. ಹೊಂಡೂ ಹೊತ್ತಿಗೆ ನಾನ ಕರೀತೇನಿ."

ಎತ್ತಿನ ಹಗ್ಗ ಬಿಚ್ಚುತ್ತಿದ್ದವನು ಮತ್ತೆ ಕಟ್ಟಿದ. ಹೆಂಗಸರು ನಿಟ್ಟುಸಿರು ಬಿಟ್ಟು ಒಳಗೆ ಹೋದರು.

ಹಿಟ್ಟು ನಾದುತ್ತಿದ್ದ ಇಂದ್ರಾಬಾಯಿಯ ಕೈ ಪರಾತದಲ್ಲೇ ನಿಂತಿತು. ಮೂರನೇ ಅಂಕದ ದನಿ ಅದು. ನಾಟಕದಲ್ಲಾಗಲಿ ಬದುಕಿನಲ್ಲಾಗಲಿ ಆ ದನಿಯನ್ನು ಅವಳು ಬೇರೆಲ್ಲೂ ತೆಗೆದವಳಲ್ಲ. ಸಾಯುವ ಮಗನಿಗೆ ತಾಯಿ ಸುಳ್ಳು ಹೇಳುವ ದನಿ. ಮಾತು ಏನೇ ಇರಲಿ, ಆ ದನಿಯ ಹೊಟ್ಟೆಯಲ್ಲಿ ಏನಿದೆಯೆಂದು ಅವಳೊಬ್ಬಳಿಗೆ ಗೊತ್ತಿತ್ತು.

"ಚೀಲಾ ತಗೋ ಕಸ್ತೂರಿ. ದರ್ಗಾದ ದಿಬ್ಬಕ್ಕ ಹೋಗೂಣು."

"ಯವ್ವಾ, ನೀನ ಇರ್ರಿ ಅನ್ನಾಕತ್ತಿ!" ಕಸ್ತೂರಿ ಅರ್ಧ ನಕ್ಕಳು. ತಾಯಿಯ ಮುಖ ನೋಡಿ ನಗೆ ನಿಲ್ಲಿಸಿದಳು. "ಮತ್ತ ಮಂದಿಗೆ?"

"ಮಂದಿಗೆ ಏನಂತ ಹೇಳ್ಲಿ? ನನ್ನ ದನಿ ನಂಬಬ್ಯಾಡ್ರಿ ಅಂತ ನಾನ ಹೇಳ್ಲೇನು?"

ನೀರು ಬರದೇ ಹೋದರೆ? ಊರೆಲ್ಲ ನಗುತ್ತದೆ. ಕಂಬಗಳಿಂದ ತನ್ನ ದನಿ ತೆಗೆಯುತ್ತಾರೆ. ಮತ್ತೆ ಖಾಲಿ ಕುರ್ಚಿಗಳ ಮುಂದೆ ಅತ್ತೆಯ ಪಾತ್ರ. ಇವೆಲ್ಲ ಕೈ ತೊಳೆಯುವಷ್ಟರಲ್ಲಿ ಅವಳ ತಲೆಯಲ್ಲಿ ಬಂದು ಹೋದವು.

ಹೊರಗೆ ಲಗಮವ್ವ ಮೊಮ್ಮಗುವಿಗೆ ಎರೆಯಲು ನೀರು ಕಾಯಿಸುತ್ತಿದ್ದಳು. "ಚೀಲಾ ಹಿಡದು ಎತ್ತಾಗ ಬಾಯಾರ? ನೀವ ಇರ್ರಿ ಅಂತೀರಿ, ನೀವ ಹೊಂಟೀರಿ!" ಎಂದು ಚೇಷ್ಟೆ ಮಾಡಿದಳು.

"ಕಂಪನ್ಯಾಗ ತಾಲೀಮು ಐತಿ," ಇಂದ್ರಾಬಾಯಿ ಹೇಳಿದಳು. ಎಷ್ಟು ಸಹಜವಾಗಿ ಹೇಳಿದಳೆಂದರೆ ಲಗಮವ್ವ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದಳು.

ಕಂಬ ಮಾತಾಡುವುದಕ್ಕೆ ತುಸು ಮೊದಲು ನಿಯಂತ್ರಣ ಕೊಠಡಿಯಲ್ಲಿ ಸಮೀನಾ ಪರದೆಯ ಮುಂದೆ ನಿಂತಿದ್ದಳು. ದರ್ಗಾದ ದಿಬ್ಬ ಸಣ್ಣದು; ಊರುಗಳ ಜನ, ದನಕರು ದಾಟಿಹೋಗಲು ಹೊಳೆಗೆ ಇದ್ದದ್ದು ಒಂದೇ ಸೇತುವೆ. ಮೇಲಿನ ಮೂರು ದೊಡ್ಡ ಊರುಗಳು ಮೊದಲು ದಾಟಬೇಕು. ಎಲ್ಲರೂ ಒಮ್ಮೆಲೆ ಹೊರಟರೆ ಸೇತುವೆಯ ಮೇಲೇ ಗಾಡಿಗಳು ಸಿಕ್ಕಿ ಎಲ್ಲರೂ ಮುಳುಗುತ್ತಾರೆ. ತೆಗ್ಗಿನಹಾಳಕ್ಕೆ ನೀರು ಮುಟ್ಟುವುದು ಸಂಜೆಗೆ ಎಂದು ಯಂತ್ರದ ಲೆಕ್ಕ ಹೇಳಿತು. ಅಲ್ಲಿಯ ತನಕ ಆ ಊರನ್ನು ತಡೆದಿಡಬೇಕು. ಹಾಗೆ ತಡೆಯಲು ಯಾವ ದನಿ ಎಲ್ಲಕ್ಕಿಂತ ಗಟ್ಟಿ ಎಂದು ಯಂತ್ರವೇ ಹುಡುಕಿತು, ಒಪ್ಪಿಗೆ ಕೇಳಿತು. ಸಮೀನಾ ಕೊಟ್ಟಳು.

ಊರ ಹಿಂದೆ ಹೂಳು ತುಂಬಿ ಎಲ್ಲರೂ ಮರೆತಿದ್ದ ಹಳೆಯ ಕೆರೆಯೊಂದಿತ್ತು. ಯಂತ್ರದ ನಕ್ಷೆಯಲ್ಲಿ ಅದು ಬರೀ ಬಯಲು. ಮಳೆನೀರು ತುಂಬಿ ಅದರ ಒಡ್ಡು ಒಡೆಯಿತು. ಜನ ಹೊಳೆಯ ಕಡೆ ಮುಖ ಮಾಡಿ ಕೂತಿದ್ದಾಗ ನೀರು ಬೆನ್ನಿಂದ ಬಂತು. ಮೊದಲು ಬಿದ್ದದ್ದು ಕೂಗುಗಂಬ. ಪರದೆಯ ಮೇಲೆ ತೆಗ್ಗಿನಹಾಳದ ಹಸಿರು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿದ್ದನ್ನು ಸಮೀನಾ ನೋಡಿದಳು. ಮೊದಲಿಗೆ ತಂತಿ ಕಡಿದಿರಬೇಕು ಎಂದುಕೊಂಡಳು.

ಇಂದ್ರಾಬಾಯಿ ದಿಬ್ಬದ ಮೇಲಿಂದ ಎಲ್ಲವನ್ನೂ ಕಂಡಳು. ಜನ ಮನೆಗಳಿಂದ ಹೊರಗೆ ಬಂದದ್ದು, ಕಂಬ ಇದ್ದ ಕಡೆ ನೋಡಿದ್ದು. ಆಮೇಲೆ ಮಾಳಿಗೆಗಳು ಮಾತ್ರ ಕಂಡವು, ಆಮೇಲೆ ಅವುಗಳಲ್ಲಿ ಅರ್ಧ.

ನಲವತ್ತರ ಹತ್ತಿರ ಜನ ಸತ್ತರು. ಲಗಮವ್ವ ಕೂಸನ್ನು ಎದೆಗೆ ಕಟ್ಟಿಕೊಂಡು ಮಾಳಿಗೆ ಏರಿದ್ದಳು. ಹೊಲಿಗೆ ಮಾಗದ ಬಾಣಂತಿ ಮಾದೇವಿಗೆ ಏಣಿ ಹತ್ತಲಾಗಲಿಲ್ಲ. ಪತ್ರಿಕೆಗಳು ಮಾತ್ರ ಬೇರೆಯದನ್ನೇ ದೊಡ್ಡದಾಗಿ ಹಾಕಿದವು: ಮೇಲಿನ ಊರುಗಳ ಸಾವಿರಾರು ಜನರನ್ನು ಗೌರವ್ವನ ದನಿ ಉಳಿಸಿತು. ಅದೂ ನಿಜವೇ. ನಿಜವಾದ್ದರಿಂದಲೇ ಇಂದ್ರಾಬಾಯಿಗೆ ಅದನ್ನು ಓದಲಾಗಲಿಲ್ಲ.

ವಾರದ ಮೇಲೆ ಅವಳು ನಿಯಂತ್ರಣ ಕೊಠಡಿಗೆ ಹೋದಳು. ಸಮೀನಾ ಬಡವಾಗಿದ್ದಳು, ಕಣ್ಣು ಗುಳಿ ಬಿದ್ದಿದ್ದವು.

"ಲೆಕ್ಕ ಸರಿ ಇತ್ತು ಬಾಯಾರ," ಎಂದಳು. "ಕೆರಿ ಒಂದ ನಮಗ ಗೊತ್ತಿರಲಿಲ್ಲ. ಎಲ್ಲಾರ್ನೂ ಒಮ್ಮೆಲೆ ಬಿಟ್ಟಿದ್ರ ನೂರಾರು ಮಂದಿ ಹೋಗ್ತಿದ್ರು. ತನಿಖೆಯವ್ರೂ ಹಂಗ ಅಂದ್ರು. ನಾನೂ ದಿನಾ ನನಗ ಹಂಗ ಹೇಳ್ಕೋತೀನಿ."

"ಆ ದನೀನ ಯಾಕ ಹಚ್ಚಿದ್ರಿ?"

"ಜನಾ ಎಲ್ಲಕ್ಕಿಂತ ಹೆಚ್ಚು ನಂಬೂದು ಅದನ್ನ ಅಂತ ಯಂತ್ರ ಆರಿಸ್ತು."

"ಅದು ಸುಳ್ಳ ಹೇಳೂ ದನಿರಿ ತಾಯಿ."

ಸಮೀನಾ ಮುಂದಿದ್ದ ಕಡತ ಮುಚ್ಚಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಅವತ್ತು ಅದನ್ನ ಕೇಳಿದಾಗ ನಿಮಗ ಗೊತ್ತಾತೇನು?"

ಇಂದ್ರಾಬಾಯಿ ಎದ್ದು ಚಪ್ಪಲಿ ಹುಡುಕತೊಡಗಿದಳು. ಚಪ್ಪಲಿ ಕಾಲಲ್ಲೇ ಇದ್ದವು.

ಕಂಪನಿಯ ಮಾಲಕ ರಾಚಯ್ಯ ಕೆಟ್ಟವನಲ್ಲ. ನೆರೆ ಇಳಿದ ಮರುದಿನವೇ ಗಂಜಿ ಕೇಂದ್ರಕ್ಕೆ ಕಂಪನಿಯ ಪಾತ್ರೆಗಳನ್ನೆಲ್ಲ ಕಳಿಸಿದ್ದ. ಅವನಿಗೆ ತೋಚಿದ್ದು ಇನ್ನೊಂದೇ: "ಇದನ್ನ ನಾಟಕ ಮಾಡದಿದ್ರ ನಾವ್ಯಾಕ ಇರಬೇಕು?" ಹೀಗೆ 'ಹೊಳಿ ಬಂತವ್ವ' ತಯಾರಾಯಿತು. ನೀಲಿ ಪರದೆಗಳನ್ನು ಎರಡೂ ಬದಿಯಿಂದ ಬೀಸಿ ನೆರೆ ತೋರಿಸುತ್ತಿದ್ದರು. ಇಂದ್ರಾಬಾಯಿಯದು ಮಗಳನ್ನು ಕಳೆದುಕೊಂಡ ತಾಯಿಯ ಪಾತ್ರ. ಒಲ್ಲೆ ಎಂದಳು. ಯಾಕೆ ಎಂದು ಕೇಳಿದರೆ ಹೇಳಲು ಬಾಯಿ ಬರಲಿಲ್ಲ. ಕಾರಣ ಹೇಳದವಳ ಒಲ್ಲೆ ಎಷ್ಟು ದಿನ ನಡೆದೀತು?

ಹುಬ್ಬಳ್ಳಿಯಲ್ಲಿ ಕಿಕ್ಕಿರಿದ ಪ್ರೇಕ್ಷಕರು. ಅವಳು ಅತ್ತಾಗ ಥಿಯೇಟರು ಅತ್ತಿತು. ಆಟ ಮುಗಿದ ಮೇಲೆ ಇಳಕಲ್ ಸೀರೆಯುಟ್ಟ ಹೆಂಗಸೊಬ್ಬಳು ಒಳಗೆ ಬಂದು ಅವಳ ಕಾಲು ಮುಟ್ಟಿದಳು. "ಎಷ್ಟ ಅತ್ತೇವ್ರಿ! ಸುದ್ದಿ ಕೇಳಿದಾಗಿಂದ ಎದಿ ಭಾರ ಆಗಿತ್ತು. ಈಗ ಹಗರ ಆತು ನೋಡ್ರಿ."

ಇಂದ್ರಾಬಾಯಿ ಬಣ್ಣ ತೆಗೆಯುತ್ತ ಕೂತಳು. ಕನ್ನಡಿಯಲ್ಲಿ ಹಿಂದೆ ಕಸ್ತೂರಿ ಕಂಡಳು.

"ಮಗಳಿಗೆ ಅಳೂ ಆ ಮಾತ ಆಡೂವಾಗ ನಿನಗ ಮಾದೇವಿ ನೆನಪಾಗ್ತಾಳೇನವ್ವಾ?"

"ಆಗ್ತಾಳ. ಅದಕ್ಕ ಛಲೋ ಬರ್ತೈತಿ." ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ, ಎಣ್ಣೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು.

"ಈ ತಪ್ಪಿನ್ಯಾಗ ನಿನ್ನಷ್ಟ ನಾನೂ ಅದೀನಿ," ಕಸ್ತೂರಿ ಹೇಳಿದಳು. "ಚೀಲಾ ನಾನೂ ಹೊತ್ತಿದ್ದೆ. ಅಕಿ ಬಾಗಲಾ ದಾಟೇ ಹ್ವಾದೆ."

ತೆಗ್ಗಿನಹಾಳದ ಉಳಿದವರಿಗೆ ಎತ್ತರದ ಬಯಲೊಂದರಲ್ಲಿ ತಗಡಿನ ಶೆಡ್ಡುಗಳನ್ನು ಹಾಕಿಕೊಟ್ಟಿದ್ದರು. ಅಲ್ಲಿ ಒಂದು ಆಟ ಆಡಬೇಕು ಎಂದು ರಾಚಯ್ಯನಿಗೆ ಹಂಬಲ. "ಅವರ ನೋವು ಅವರ ಮುಂದ ಆಡೂದು ನಮ್ಮ ಧರ್ಮ," ಎಂದ. ಇಂದ್ರಾಬಾಯಿ ಈ ಸಲ ಒಲ್ಲೆ ಎನ್ನಲಿಲ್ಲ. ಹೋಗಬೇಕೆಂಬ ಧೈರ್ಯಕ್ಕಿಂತ, ಹೋಗದೆ ಇರುವ ನಾಚಿಕೆ ದೊಡ್ಡದಾಗಿತ್ತು.

ಮಧ್ಯಾಹ್ನದ ಆಟ. ಶೆಡ್ಡುಗಳ ನಡುವೆ ಹಲಗೆ ಹಾಕಿ ರಂಗ ಕಟ್ಟಿದ್ದರು. ಸಮೀನಾ ಕೂಡ ಬಂದು ಹಿಂದೆ ಮಣ್ಣಿನಲ್ಲಿ ಕೂತಿದ್ದಳು. ಪರದೆ ಸರಿಯಿತು. ಇಂದ್ರಾಬಾಯಿ ಮುಂದೆ ಬಂದು ಮೊದಲ ಮಾತು ಆಡಿದಳು: "ಬಾ ನನ ಮಗಳ, ಮಳಿ ಬರೂ ಹಂಗೈತಿ..."

ಗುಂಪು ಮಿಸುಕಾಡಿತು. ಮುಂದೆ ಕೂತಿದ್ದ ಮುದುಕನೊಬ್ಬ ದಿಗ್ಗನೆ ಎದ್ದು ಹಿಂದೆ ತಿರುಗಿ ನೋಡಿದ. ಒಬ್ಬಳು ತನ್ನ ಕೂಸಿನ ಎರಡೂ ಕಿವಿ ಮುಚ್ಚಿದಳು. ಮೂಲೆಯಲ್ಲೊಂದು ಮಗು ಅಳಲು ಶುರುಮಾಡಿತು, ಅದರ ಹಿಂದೆ ಇನ್ನೊಂದು. ಕಥೆಗೆ ಅತ್ತದ್ದಲ್ಲ. ಆ ದನಿಗೆ ಅತ್ತದ್ದು.

ಇಂದ್ರಾಬಾಯಿ ನಿಂತುಬಿಟ್ಟಳು. ಪರದೆಯ ಮರೆಯಿಂದ ಕಸ್ತೂರಿ ಮುಂದಿನ ಮಾತು ಎತ್ತಿಕೊಡಲಿಲ್ಲ.

ಲಗಮವ್ವ ಮೊಮ್ಮಗುವನ್ನು ಬಗಲಲ್ಲಿಟ್ಟುಕೊಂಡು ರಂಗದ ಹತ್ತಿರ ಬಂದಳು. "ನಾಟಕ ಆಮ್ಯಾಲ ಮಾಡ್ರಿ ಬಾಯಾರ. ಮೊದಲ ನನಗೊಂದು ಹೇಳ್ರಿ. ಅವತ್ತ ಕಂಪನ್ಯಾಗ ತಾಲೀಮು ಇತ್ತೇನು?"

"ಇತ್ತವ್ವಾ, ಇತ್ತು," ಬದಿಯಿಂದ ರಾಚಯ್ಯ ಅವಸರದಲ್ಲಿ ಹೇಳಿದ. ಅವನಿಗೆ ಏನೂ ಗೊತ್ತಿರಲಿಲ್ಲ, ತನ್ನ ನಟಿಯನ್ನು ಉಳಿಸಿಕೊಳ್ಳಲು ಹೇಳಿದ ಅಷ್ಟೇ.

"ಇರಲಿಲ್ಲ," ಎಂದಳು ಇಂದ್ರಾಬಾಯಿ. "ಅದು ನನ್ನ ದನಿ ಆಗಿತ್ತು, ಮಾತು ನನ್ನದಲ್ಲ. ಕೇಳಿದ ಕೂಡ್ಲೆ ನನಗ ಅದು ಸುಳ್ಳು ಅನಸ್ತು. ಕೆರಿ ಸುದ್ದಿ ಗೊತ್ತಿರಲಿಲ್ಲ, ಏನಾಗ್ತೈತಿ ಅಂತ ಗೊತ್ತಿರಲಿಲ್ಲ. ಆದ್ರ ಇಲ್ಲಿರಬಾರ್ದು ಅಂತ ಗೊತ್ತಾತು. ಎದ್ದು ಹ್ವಾದೆ. ನಿಮಗ್ಯಾರಿಗೂ ಹೇಳಲಿಲ್ಲ. ಮಂದಿ ನಗ್ತಾರಂತ ಹೇಳಲಿಲ್ಲ."

ರಂಗದ ಮೇಲೆ ನಿಂತು ಮೂವತ್ತು ವರ್ಷ ಕಳೆದವಳಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಯಾರಾದರೂ ಕಲ್ಲು ಎಸೆಯಲಿ, ಬೈಯಲಿ ಎಂದು ಕಾದಳು.

ಲಗಮವ್ವ ಬೈಯಲಿಲ್ಲ. "ಊರಿಗೆಲ್ಲಾ ಹೇಳೂದ ಬ್ಯಾಡಾಗಿತ್ತು," ಎಂದಳು. "ನನ್ನ ಮಗಳಿಗೊಬ್ಬಾಕಿಗೆ ಹೇಳಿದ್ರ ಸಾಕಿತ್ತು. ಗ್ವಾಡಿಗೆ ಬಾಯಿ ಹಚ್ಚಿ ಹೇಳಿದ್ರೂ ಅಕಿಗೆ ಕೇಳಸ್ತಿತ್ತು."

ಹೇಳಿ ತನ್ನ ಶೆಡ್ಡಿಗೆ ನಡೆದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಹಾಸಿದ್ದ ಗೋಣಿತಟ್ಟುಗಳನ್ನು ಝಾಡಿಸಿ, ಮಡಚಿಕೊಂಡು ಹೋದರು.

ಕಂಬಗಳಿಂದ ತನ್ನ ದನಿ ಅಳಿಸಿಬಿಡಿ ಎಂದು ಅವತ್ತೇ ಇಂದ್ರಾಬಾಯಿ ಸಮೀನಾಳನ್ನು ಕೇಳಿಕೊಂಡಳು.

"ಅಳಿಸಿದ್ರ ಉಳದ ಊರಾಗ ಮತ್ತ ಯಾರೂ ಏಳೂದಿಲ್ಲ. ಅಳಿಸದಿದ್ರ ಇಲ್ಲಿ ಯಾರೂ ನಂಬೂದಿಲ್ಲ," ಸಮೀನಾ ಹೇಳಿದಳು. ಅವಳಿಗೂ ದಾರಿ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಶೆಡ್ಡಿನ ಜನ. ಹೊಸ ಕಂಬ ನೆಡಲು ಬಂದವರನ್ನು ಅವರು ಸುತ್ತುಗಟ್ಟಿದರು. ಕಂಬ ಬೇಕು, ಆದರೆ ಅದರೊಳಗೆ ಯಂತ್ರದ ಬಾಯಿ ಬೇಡ. ನೀರು ಎಲ್ಲಿದೆ, ಎಷ್ಟಿದೆ ಎಂದು ಯಂತ್ರ ಹೇಳಲಿ. ಕೂಗುವುದು ಊರಿನವರೇ ಕೂಗಲಿ, ಕೂಗುವವರು ಅದೇ ಊರಲ್ಲಿ ನಿಂತು ಕೂಗಲಿ. "ಇರ್ರಿ ಅನ್ನಾಕಿ ನಮ್ಮ ಜೋಡಿ ಇರಬೇಕು," ಎಂದಳು ಲಗಮವ್ವ, "ಮುಳುಗಿದ್ರ ಅಕೀನೂ ಮುಳುಗಬೇಕು." ಸಮೀನಾ ಮೇಲಿನವರೊಡನೆ ತಿಂಗಳುಗಟ್ಟಲೆ ಗುದ್ದಾಡಿ ಅದನ್ನು ಮಾಡಿಸಿದಳು. ಮೊದಲು ಈ ಊರಿಗೆ, ಆಮೇಲೆ ಒಂದೊಂದಾಗಿ ಬೇರೆ ಊರಿಗೆ. ಮೈಕು ಲಗಮವ್ವನ ಶೆಡ್ಡಿಗೇ ಬಂತು.

ಇಂದ್ರಾಬಾಯಿ ಕಂಪನಿ ಬಿಟ್ಟಳು. ರಾಚಯ್ಯ ಅತ್ತ. ಕಸ್ತೂರಿ ಕಂಪನಿಯಲ್ಲೇ ಉಳಿದು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಕೊನೆಯ ಸಾಲಿನಲ್ಲಿ ಖಾಲಿ ಬಿದ್ದಿದ್ದ ಶೆಡ್ಡೊಂದರಲ್ಲಿ ಇಂದ್ರಾಬಾಯಿ ಇರತೊಡಗಿದಳು. ಬಾ ಎಂದವರಿಲ್ಲ, ಹೋಗು ಎಂದವರೂ ಇಲ್ಲ. ಅಂಗನವಾಡಿಗೆ ನೀರು ಹೊತ್ತು ಹಾಕುತ್ತಿದ್ದಳು. ತನ್ನ ದನಿಗೆ ಯಾರೂ ಬೆಚ್ಚಬಾರದೆಂದು ಬಾಯಿ ತೆರೆಯದೆ ಕೈಸನ್ನೆ ಮಾಡುತ್ತಿದ್ದಳು. ಲಗಮವ್ವ ಅವಳ ಬಾಗಿಲ ಮುಂದೆ ದಿನಾ ಹಾದು ಹೋಗುತ್ತಿದ್ದಳು, ನಿಲ್ಲುತ್ತಿರಲಿಲ್ಲ.

ಮರುವರ್ಷದ ಮಳೆಗೆ ಎತ್ತರವೆಂದುಕೊಂಡಿದ್ದ ಆ ಬಯಲೂ ಹೆದರಿತು. ಒಂದು ಮುಂಜಾನೆ ಕಂಬ ಗುರುಗುಟ್ಟಿತು. ಆಮೇಲೆ ಲಗಮವ್ವನ ಒರಟು ದನಿ, ನಡುನಡುವೆ ಕೆಮ್ಮು. "ಏ, ಏಳ್ರಿ! ಹಳ್ಳಾ ತುಂಬೇತಂತ. ಟ್ರ್ಯಾಕ್ಟರ್ ಬಂದಾವು. ಮುಪ್ಪಾನ ಮುದುಕರ್ನ ಮೊದಲ ಹತ್ತಸ್ರಿ. ನಾ ಕಡೀ ಗಾಡ್ಯಾಗ ಬರ್ತೀನಿ."

ಆ ದನಿಯಲ್ಲಿ ಇಂಪೂ ಇರಲಿಲ್ಲ, ಅಭಿನಯವೂ ಇರಲಿಲ್ಲ. ಜನ ಹಾಸಿಗೆ ಸುತ್ತಿಕೊಂಡು ಹೊರಬಿದ್ದರು.

ಕೊನೆಯ ಸಾಲಿನ ಒಂದು ಬಾಗಿಲು ತೆರೆಯಲಿಲ್ಲ. ನೆರೆಯಲ್ಲಿ ಹೆಂಡತಿಯನ್ನು ಕಳೆದುಕೊಂಡ ಮೇಲೆ ಯಾವ ಕಂಬವನ್ನೂ ನಂಬದ ದುರಗಪ್ಪ ಎಂಬ ಮುದುಕ ಅಲ್ಲಿದ್ದ. ಇಂದ್ರಾಬಾಯಿ ಓಡಿಹೋಗಿ ತಗಡಿಗೆ ಗುದ್ದಿದಳು. ಅಂಗೈ ಉರಿಯುವ ತನಕ ಗುದ್ದಿದಳು. ಬಾಯಿ ತೆರೆಯಲಿಲ್ಲ. ತೆರೆದರೆ ಅವನು ಬರಲಾರನೆಂಬ ಅಂಜಿಕೆ.

"ಯಾರದು?" ಒಳಗಿನಿಂದ ಕೇಳಿದ. ಅವಳು ಮತ್ತೆ ಗುದ್ದಿದಳು. "ಯಾರಂತ ಹೇಳದಿದ್ರ ನಾ ತೆಗಿಯಾಂವಲ್ಲ."

ನೀರು ಮೆಟ್ಟಿಲಿಗೆ ಬಂದಿತ್ತು.

"ನಾನ್ರಿ, ಇಂದ್ರಾಬಾಯಿ. ಹೊರಗ ಬರ್ರಿ ಕಾಕಾ."

ಚಿಲಕ ಸರಿಯಲಿಲ್ಲ. ಟ್ರ್ಯಾಕ್ಟರಿನ ಮೇಲಿದ್ದವರು ಅವಳನ್ನು ಕೂಗಿ ಕರೆದರು. ಅವಳು ಕದಲಲಿಲ್ಲ. ನೀರು ಪಾದ ಮುಚ್ಚಿತು, ಮೀನಖಂಡಕ್ಕೆ ಬಂತು. ಇನ್ನೊಂದು ಮಾತು ಆಡಿ ಒಲಿಸಬಹುದಿತ್ತು. ಗೌರವ್ವನ ಯಾವ ದನಿಗೆ ಈ ಚಿಲಕ ಜಾರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಸುಮ್ಮನೆ ನಿಂತಳು.

ಚಿಲಕ ಸರಿಯಿತು. ದುರಗಪ್ಪ ಬಾಗಿಲು ಸ್ವಲ್ಪವೇ ತೆಗೆದು, ಮೊದಲು ಅವಳ ಕಾಲು ನೋಡಿದ, ನೀರು ಎಲ್ಲಿಯ ತನಕ ಬಂದಿದೆಯೆಂದು. ಆಮೇಲೆ ಮುಖ ನೋಡಿದ. ಒಳಗೆ ಹೋಗಿ ಎರಡು ಕೋಳಿಗಳಿದ್ದ ಬುಟ್ಟಿ ತಂದು ಅವಳ ಕೈಗೆ ಕೊಟ್ಟ.

"ಹಿಡೀರಿ," ಎಂದ.

ಅವನು ಮುಂದೆ ನಡೆದ, ತಿರುಗಿ ನೋಡಲಿಲ್ಲ. ಅವಳು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ನೀರಿನಲ್ಲಿ ಅವನ ಹಿಂದೆ ಕಾಲೆಳೆಯುತ್ತ ಹೋದಳು.